ಕುಂಟೆಬಿಲ್ಲೆ

ಹ್ಯಾಲಿಫ್ಯಾಕ್ಸ್‌ನ ರಸ್ತೆಗಳು ನಿಂತೇ ಇರುತ್ತವೆ, ಮಲಗುವುದಿಲ್ಲ.
ಪೋಲಿಯೋ ಕಾಲಿಗೆ ಕಬ್ಬಿಣ ತೊಟ್ಟ ನಾನು
ಹದಿನೆಂಟು ವರ್ಷದಿಂದ ಅವುಗಳ ಜೊತೆ ಜಗಳದಲ್ಲಿದ್ದೇನೆ.
ಬೆರಿಲ್ ಜಗಳವಾಡುವುದಿಲ್ಲ. ಬ್ಯಾಟರಿ ನೋಡಿಕೊಳ್ಳುತ್ತಾಳೆ,
ಗಾಲಿಕುರ್ಚಿಯ ಗುಂಡಿ ಒತ್ತುತ್ತಾಳೆ, ಏರುತ್ತಾಳೆ.

ಗುಡ್ಡದ ಮೇಲಿನ ಆ ಕಲ್ಲುಕಟ್ಟಡ ತೋರಿಸಿದಳು ಒಮ್ಮೆ.
ಈಗಲ್ಲಿ ದುಬಾರಿ ಫ್ಲ್ಯಾಟು, ಬಾಗಿಲಿಗೆ ಹಿತ್ತಾಳೆ ಗಂಟೆ.
ಆಗ ನಲವತ್ತು ಮಂಚ, ಒಂದೇ ರಾಶಿ ಬಟ್ಟೆ:
ಒಗೆದು ಬಂದದ್ದರಲ್ಲಿ ಕೈಗೆ ಸಿಕ್ಕಿದ್ದು ಇವತ್ತಿನ ಮೈಗೆ.
ಏಳರವಳು ಒಳಗೆ ಹೋದಳು, ಮೂವತ್ತೊಂದರವಳು ಹೊರಗೆ ಬಂದಳು.
"ಮೊದಲ ಸಂಬಳದಲ್ಲಿ ಏನು ಕೊಂಡೆ?"
"ಕಾಲುಚೀಲ. ಹಳದಿ. ಯಾರಿಗೂ ಕೊಡಲಿಲ್ಲ."

ಹಳೆಯ ದಫ್ತರದಲ್ಲಿ ಅವಳ ಹೆಸರಿನ ಮುಂದೆ
"ಕಲಿಸಲು ಬಾರದವಳು" ಎಂದಿತ್ತು.
ಅವಳೇ ಗಟ್ಟಿಯಾಗಿ ಓದಿದಳು, ಒಂದಕ್ಷರ ತಪ್ಪದೆ.
ನಾನೂ ನನ್ನೂರ ದಫ್ತರ ತೆರೆದೆ, ನಾಲಿಗೆಯ ಮೇಲಿದ್ದದ್ದು:
ಕುಂಟನಿಗೆ ಎಂಟು ಚೇಷ್ಟೆ.
"ಆ ಎಂಟು ಯಾವುವು?" ಅಂದಳು. ನನಗೆ ಯಾರೂ ಹೇಳಿರಲಿಲ್ಲ.
ಬಸ್ಸು ಬರುವಷ್ಟರಲ್ಲಿ ಇಬ್ಬರೂ ಸೇರಿ ಐದು ಹುಡುಕಿದೆವು.

ಒಂದು ಆಟವೂ ಇತ್ತು, ಎಂದೆ. ಎರಡೂ ಕಾಲು ನೆಟ್ಟಗಿದ್ದವರೆಲ್ಲ
ಒಂದನ್ನು ಮಡಿಸಿಕೊಂಡು ನನ್ನ ಹಾಗಾಗುವ ಆಟ.
ಹರಿಹರದ ನಮ್ಮ ಓಣಿಯಲ್ಲಿ ನಾನೊಬ್ಬಳೇ ಆಡಲಿಲ್ಲ,
ಕಟ್ಟೆ ಮೇಲೆ ಕೂತು ಎಲ್ಲರ ಚಪ್ಪಲಿ ಕಾಯ್ದೆ.

ಲೈಬ್ರರಿ ಮುಂದಿನ ಇಳಿಜಾರು ಹೊಸದು. ಮೊದಲಾದರೆ
ಹಿಂಬಾಗಿಲು, ಕಸದ ಡಬ್ಬಿಗಳ ನಡುವೆ, ಬೆಲ್ ಒತ್ತಿ ಕಾಯಬೇಕು.
ಹನ್ನೊಂದು ವರ್ಷ ಬೆರಿಲ್ ಕಾಗದ ಬರೆದಳು. ಬಂತು.
ಬಂದದ್ದೇ ತಡ, ತಳ್ಳುಗಾಡಿಯ ಕೂಸು,
ಮೊಣಕಾಲು ನೋವಿನ ಅಂಚೆಯವ, ಎಲ್ಲರಿಗೂ ಅದೇ ದಾರಿ.

ಈ ಶನಿವಾರ ಅದರ ಬುಡದಲ್ಲಿ ಸೀಮೆಸುಣ್ಣದ ಮನೆಗಳು.
ಝೈನಬ್ ಎಂಬ ಏಳೆಂಟರ ಪೋರಿ ಅಡ್ಡ ನಿಂತಳು:
"ಗಾಲಿ ಗೆರೆ ಮುಟ್ಟುತ್ತೆ. ಔಟ್."
ಬೆರಿಲ್ ಗೆರೆ ನೋಡಿದಳು, ಗಾಲಿ ನೋಡಿದಳು. "ಮನೆ ಚಿಕ್ಕದಾಯ್ತು."
ಪೋರಿ ಯೋಚಿಸಿದಳು. ಅಂಗೈಯಲ್ಲೇ ಒರೆಸಿ
ಎಂಟೂ ಮನೆ ಮತ್ತೆ ಬರೆದಳು,
ಕುರ್ಚಿಯ ಅಗಲಕ್ಕಿಂತ ಒಂದು ಗೇಣು ಹೆಚ್ಚು.

ನನ್ನ ಬಿಲ್ಲೆ ಮೂರನೇ ಮನೆಗೆ ಬಿತ್ತು. ಕಬ್ಬಿಣದ ಕಾಲು
ನೆಲ ಬಿಡಲಿಲ್ಲ, ಎಳೆದೆ.
ಎಳೆಯಬಹುದು ಎಂದು ನಿಯಮವಾಯಿತು.
ಬೆರಿಲ್ ಐದು ದಾಟಿದಳು, ಆರರಲ್ಲಿ ಗಾಲಿ ಸುಣ್ಣ ಕಚ್ಚಿತು.
"ಔಟ್!" ಝೈನಬ್ ಕೂಗಿದಳು, ಒಂದಿಷ್ಟೂ ದಾಕ್ಷಿಣ್ಯವಿಲ್ಲದೆ.
"ಇನ್ನೊಂದು ಸಲ."
"ಸರದಿ! ನಿಮಗಿಂತ ಮುಂದೆ ನಾಲ್ವರಿದ್ದಾರೆ."
ಬೆರಿಲ್ ಕೇಳಿಸದವಳಂತೆ
ಕೈಲಿದ್ದ ಬಿಲ್ಲೆ ಎಸೆದೇಬಿಟ್ಟಳು.

ಚೇಷ್ಟೆ ಆರು, ಎಂದು ಎಣಿಸಿಕೊಂಡೆ.