ಸೊನ್ನೆಯಲ್ಲ

ನವನಗರದ ಇಲಾಖೆ, ಎರಡನೇ ಮಹಡಿ.
ಒಂಬತ್ತು ವರ್ಷದ ಮೀನು ಈ ಪೆಟ್ಟಿಗೆಯೊಳಗಿದೆ,
ಒಂದಕ್ಕೂ ವಾಸನೆಯಿಲ್ಲ.

ಕಮತಗಿ ಸಾಹೇಬರು ಬಾಗಿಲಲ್ಲೇ ನಿಂತು ಹೇಳಿದರು:
ಹೆರಕಲ್ ದಡಕ್ಕೆ ಬಂದ ಮೀನಿನ ಲೆಕ್ಕ,
ತಿಂಗಳುವಾರು, ಜಾತಿವಾರು, ನಾಲ್ಕು ಗಂಟೆಯೊಳಗೆ.

ಬರೆಯತೊಡಗಿದೆ.
ಸೆಲೆಕ್ಟ್ ಅಂದರೆ ಆರಿಸು, ಫ್ರಮ್ ಅಂದರೆ ಯಾವ ಹೊಳೆಯಿಂದ,
ವೇರ್ ಅಂದರೆ ಎಲ್ಲಿ ಅಂತಲ್ಲ, ಎಂಥದ್ದು ಅಂತ.
ಬಲೆಗೆ ಕಣ್ಣು ಇರುತ್ತದಲ್ಲ, ಅದು.
ಕಣ್ಣು ದೊಡ್ಡದಾದರೆ ಮರಿ ಪಾರು;
ಸಣ್ಣದಾದರೆ ಹೂಳು, ಜೊಂಡು, ಹರಿದ ಚಪ್ಪಲಿ,
ಎರಡೆರಡು ಸಲ ಬರೆದಿಟ್ಟ ಜನವರಿ.

ಮೊದಲ ಬೀಸಿಗೆ ಏನೂ ಬರಲಿಲ್ಲ.
ಸೊನ್ನೆ ಸಾಲು, ಎಂದಿತು ಪರದೆ, ಸಭ್ಯವಾಗಿ.
ನಾನು ಹೆರಕಲ್ ಎಂದಿದ್ದೆ;
ಒಳಗಿದ್ದವು ಹೆರಕಲ್ಲ, ಹೇರಕಲ್, ಹೆರಕಲ,
ಇನ್ನೊಬ್ಬ ಪುಣ್ಯಾತ್ಮ ಸರಿಯಾಗಿಯೇ ಬರೆದು
ಕೊನೆಗೊಂದು ಖಾಲಿ ಜಾಗ ಒತ್ತಿದ್ದ.
ಕಣ್ಣಿಗೆ ಕಾಣದ ಆ ಮುಳ್ಳಿಗೆ
ಮೂರು ವರ್ಷದ ಕಾಟ್ಲಾ ಸಿಕ್ಕಿಬಿದ್ದಿತ್ತು.

ಬಿಡಿಸಿದೆ. ಮತ್ತೆ ಬೀಸಿದೆ.
ಈಗ ಬಂತು ನೋಡಿ, ದಬದಬ, ಸಾಲಿನ ಮೇಲೆ ಸಾಲು:
ರೋಹು, ಮೃಗಾಲ, ಗೆಂಡೆ,
ಬಾಳಿ ಮೀನು ಅಲ್ಲೊಂದು ಇಲ್ಲೊಂದು,
ಆಮೇಲೆ ಕೋಡ್ ತೊಂಬತ್ತೊಂಬತ್ತು: ಇತರೆ.
ವರ್ಷದಿಂದ ವರ್ಷಕ್ಕೆ ಉಬ್ಬುತ್ತಿರುವ ಇತರೆ.
ನಮ್ಮ ಪಟ್ಟಿಯಲ್ಲಿ ಹೆಸರಿಲ್ಲದ್ದೆಲ್ಲ ಅದರ ಹೊಟ್ಟೆಯಲ್ಲಿ.

ಗುಂಪು ಮಾಡಿ ಕೂಡಿಸಿದಾಗ ಕಂಡದ್ದು ತೂತು.
ಫೆಬ್ರುವರಿ ಒಂಬತ್ತರಿಂದ ಹತ್ತೊಂಬತ್ತು.
ದಿನಾಂಕ ಇದೆ, ತೆಪ್ಪದ ಎಣಿಕೆ ಇದೆ,
ಹದಿನಾಲ್ಕು, ಹದಿನಾರು, ಹದಿನಾಲ್ಕು,
ತೂಕದ ಕಾಲಂ ಮಾತ್ರ ಬೋಳು.
ಸೊನ್ನೆಯಲ್ಲ. ನಲ್.

"ಸೊನ್ನಿ ಹಾಕಿ ಮುಗಸವಾ," ಅಂದರು ಸಾಹೇಬರು,
"ಬರಿಗೈಲೆ ಬಂದಾರ ಅಂದ್ರ ಆತು."
ಹಳೆ ರಿಜಿಸ್ಟರಿನ ರಟ್ಟಿನ ಮೇಲೆ ಒಂದು ನಂಬರಿತ್ತು.
ಹಚ್ಚಿದೆ.

ಯಂಕಪ್ಪ ಬಾರಕೇರ, ತೂಕದವ, ದಡದಲ್ಲೇ ಇದ್ದ.
ಫೋನಿನೊಳಗೆ ಗಾಳಿ, ತೆಪ್ಪಕ್ಕೆ ನೀರು ಬಡಿವ ಸಪ್ಪಳ,
ಯಾರದೋ ರೊಕ್ಕದ ಜಗಳ.
"ಹಾಂ, ಆ ಹನ್ನೊಂದು ದಿನಾ ಏನ್ರಿ ಅಕ್ಕಾರ?
ಕಾಟಾ ಮುರದಿತ್ತು. ಇನ್ನೊಂದು ಕಾಟಾ ಸೊಸಾಯಿಟಿ ಒಳಗ,
ಕೀಲಿ ಸೆಕ್ರೇಟರಿ ಕಿಸೆದಾಗ,
ಸೆಕ್ರೇಟರಿ ಅವರ ಭಾವನ ಮನಿ ವಾಸ್ತುಶಾಂತಿಗೆ ಸಾಂಗ್ಲಿಗೆ.
ಮೀನ ಬಿದ್ದಿದ್ವು, ಜೋರ ಬಿದ್ದಿದ್ವು.
ಕೈಯಂದಾಜಲೆ ಮಾರಿದ್ವಿ, ಉಳದದ್ದು ಓಣಿಗೆ ಹಂಚಿದ್ವಿ,
ಬೆಕ್ಕುಗೋಳಿಗೂ ಸಾಕಾಗಿತ್ತು."

ಮತ್ತೆ ಬರೆಯಲಿಲ್ಲವೇಕೆ?
ತುಸು ಹೊತ್ತು ಬರೀ ಗಾಳಿ.
"ತೂಗಲಾರದ್ದು ಹೆಂಗ ಬರೀಲಿರಿ?
ಸೊನ್ನಿ ಬರದ್ರ ಹೊಳೀಗೆ ಬೈದಂಗ,
ನೂರು ಬರದ್ರ ನಿಮಗ ಸುಳ್ಳ ಹೇಳಿದಂಗ.
ಅದಕ್ಕ ಜಾಗಾ ಬಿಟ್ಟೆ."

ಮೂರೂವರೆ.
ಖಾಲಿ ಕಂಡಲ್ಲೆಲ್ಲ ಸೊನ್ನೆ ತುಂಬಲಿಕ್ಕೆ
ನಮ್ಮ ಕಡೆ ಒಂದೇ ಸಾಲು ಸಾಕು.
ಬರೆದೆ. ಎಂಟರ್ ಮೇಲೆ ಬೆರಳಿಟ್ಟೆ.
ಓಡಿಸದೆ ಅಳಿಸಿದೆ.

ವರದಿಯ ಅಡಿಗೆ ಸಣ್ಣಕ್ಷರದಲ್ಲಿ ಹಾಕಿದೆ:
ಹನ್ನೊಂದು ದಿನ ತೂಗಿಲ್ಲ. ಮೀನು ಇತ್ತು.
ಸಾಹೇಬರು ಕನ್ನಡಕ ಏರಿಸಿ ಓದಿದರು,
ಎರಡನೇ ವಾಕ್ಯಕ್ಕೆ ಗೆರೆ ಎಳೆದರು, ಸಹಿ ಮಾಡಿದರು.
ಮೊದಲನೆಯದು ಉಳಿಯಿತು.

ಸಂಜೆ ಬಸ್ಸಿಗೆ ನಿಂತಾಗ ಬುಟ್ಟಿಯವಳ ಮುಂದೆ
ಬೆರಳುದ್ದದ ಬೆಳ್ಳಿ ಮೀನು, ಇನ್ನೂ ಒದ್ದೆ.
ಇದರ ಹೆಸರೇನವ್ವಾ?
ಅವಳು ಹೇಳಿದ್ದು ಬಸ್ಸಿನ ಹಾರ್ನಿನೊಳಗೆ ಹೋಯಿತು.
ಅರ್ಧ ಕಿಲೋ ಇತರೆ ಕೊಂಡೆ.
ತಕ್ಕಡಿ ಕೆಳಗಿಟ್ಟ ಮೇಲೆ
ಒಂದು ಹಿಡಿ ಕೊಸರು ಹಾಕಿದಳು,
ಲೆಕ್ಕಕ್ಕೆ ಹಿಡಿಯದೆ.