ಮೈನಸ್ ಎರಡು

ತೋಡೂರು ಗುಡ್ಡದಲ್ಲಿ ನಲವತ್ತು ಅಕೇಶಿಯಾ,
ಒಂದೊಂದರ ಸೊಂಟಕ್ಕೂ ಸ್ಟೀಲಿನ ಪಟ್ಟಿ, ಸ್ಪ್ರಿಂಗು.
ತಿಂಗಳ ಮೊದಲ ದಿನ, ಬಿಸಿಲು ಮುಟ್ಟುವ ಮುಂಚೆ
ಓದಿ ಬರೆಯುವವ ನಾನು, ಜಟ್ಟಿ ಹರಿಕಂತ್ರ.
ಅರ್ಗಾದ ಕಡಲಿಂದ ಎಬ್ಬಿಸಿ ಇಲ್ಲಿ ಇಟ್ಟ ಮೇಲೆ
ಬಲೆ ನೇಯ್ದ ಬೆರಳಿಗೆ ಸಿಕ್ಕ ಕೆಲಸ.

ಸೆಪ್ಟೆಂಬರಿಗೇ ಮಳೆ ಕೈಬಿಟ್ಟ ವರ್ಷ
ಪಕ್ಕದ ಮತ್ತಿ ಸಂಕ್ರಾಂತಿಗೇ ಎಲೆ ಕೆಡವಿ
ಮೊಸಳೆಯಂತೆ ಕಣ್ಮುಚ್ಚಿ ನಿಂತಿತು.
ಇದಕ್ಕೆ ಉದುರಿಸಲು ಗೊತ್ತಿಲ್ಲ.
ಎಲ್ಲಿಯದೋ ಬೀಜ, ಹಸಿರಾಗೇ ಇತ್ತು,
ಹಸಿವೆಂದು ಹೇಳಲು ನಾಚುವ ನೆಂಟನ ಹಾಗೆ.

ಫೆಬ್ರವರಿ: ಸೊನ್ನೆ.
ಮಾರ್ಚ್: ಸೊನ್ನೆ.
ಏಪ್ರಿಲ್: ಸ್ಪ್ರಿಂಗು ಹಿಂದೆ ಸರಿದಿದೆ.
ಹದಿನೇಳನೇ ಮರ
ಎರಡು ಮಿಲಿಮೀಟರ್ ಒಳಗೆ ಹೋಗಿದೆ.

‘ಮರ ಸಣ್ಣ ಆಗ್ತದೇನೋ ಜಟ್ಟಿ?
ಕನ್ನಡಕ ಬದಲಿಸು, ಸೊನ್ನೆ ಬರಿ’ ಎಂದರು ಸಾಹೇಬರು.

ನಾನು ತೊಗಟೆಗೆ ಅಂಗೈ ಇಟ್ಟು ನೋಡಿದ್ದೆ.
ಹೊಯಿಗೆಯಲ್ಲಿ ಮೀನು ಒಣಗಿಸಿದವನಿಗೆ ಗೊತ್ತು
ನೀರು ಹೋದರೆ ಮೈ ಎಷ್ಟು ಹೋಗುತ್ತದೆಂದು.
ಮೈನಸ್ ಎರಡು.
ಪೆನ್ನಿನಲ್ಲೇ ಬರೆದೆ.

ಜೂನ್ ಹನ್ನೊಂದರ ರಾತ್ರಿ ಚಿರೆಕಲ್ಲು ವಾಸನೆ ಬಂತು,
ಹಿಂದೆಯೇ ಮಳೆ.
ಬೆಳಗ್ಗೆ ಯಾರೂ ಹೇಳದೆ ಗುಡ್ಡ ಹತ್ತಿದೆ.
ಹದಿನೇಳರ ಪಟ್ಟಿ ಬಿಗಿದಿತ್ತು,
ಉಗುರು ಕೂಡ ತೂರದಷ್ಟು.
ಹದಿನೆಂಟು, ಹತ್ತೊಂಬತ್ತು ಹಾಗೇ ಇದ್ದವು.

ಪುಸ್ತಕ ತಂದಿರಲಿಲ್ಲ.