ಮೇಣ ಹಚ್ಚುವವನು ಹೇಳಿದ್ದು

ಹನ್ನೊಂದು ಚಳಿಗಾಲ ಇಸ್ತ್ರಿ ಹಾಕಿದ್ದೇನೆ ನಾನು,
ಅಂಗಿಗಲ್ಲ,
ಅವಳ ಸ್ಕೀ ಹಲಗೆಗಳಿಗೆ.
ಮೇಣ ಕರಗಿಸಿ, ಎಳೆದು, ಆರಲು ಬಿಟ್ಟು, ಹೆರೆದು
ಮತ್ತೆ ಎಳೆದು, ಮತ್ತೆ ಹೆರೆದು,
ಬೆಳಗಿನ ಜಾವಕ್ಕೆ ನನ್ನ ಹತ್ತೂ ಬೆರಳಿಗೆ
ಆರಿದ ಮೇಣದಬತ್ತಿಯ ವಾಸನೆ.

ಮದ್ಲೈನಾ ಕಾಫ್ಲಿಷ್ ಎಂದರೆ ನಿಮಗೆ ನೆನಪಾಗದು.
ನಿಮ್ಮ ತಪ್ಪಲ್ಲ.
ಪದಕದ ಪಟ್ಟಿ ಮೂರಕ್ಕೇ ಮುಗಿಯುತ್ತದೆ.

ಅವಳಪ್ಪ ಕುರ್ದಿನ್, ರಾತ್ರಿಯಿಡೀ
ಗುಡ್ಡದ ಮೇಲೆ ಹಿಮ ಹದಮಾಡುವ ಯಂತ್ರ ಓಡಿಸುತ್ತಿದ್ದ.
ತಾಯಿಗೆ ಕಣಿವೆಯ ಆಸ್ಪತ್ರೆಯಲ್ಲಿ ರಾತ್ರಿಪಾಳಿ.
ಹಾಗಾಗಿ ಮಗಳ ಹಾಸಿಗೆ, ಚಾಲಕನ ಪಕ್ಕದ ಸೀಟು.
ಬೆಳಕು ಹರಿಯುತ್ತಲೇ ಅವನು ಬಾಗಿಲು ತೆರೆದು
"ಇಳಿ" ಅನ್ನುತ್ತಿದ್ದ.
ಅಷ್ಟೇ. ಮಾತು ಕಡಿಮೆ ಆ ಮನೆಯಲ್ಲಿ.
ಆಗಷ್ಟೇ ಬಾಚಿದ ತಲೆಯಂಥ ಇಳಿಜಾರು,
ಯಾರೂ ಮೆಟ್ಟದ ಗೆರೆ,
ಆರು ವರ್ಷದ ಹುಡುಗಿ ಮನೆಬಾಗಿಲ ತನಕ ಜಾರಿ
ಹಾಲು ಕುಡಿದು ಶಾಲೆಗೆ ಹೋಗುತ್ತಿದ್ದಳು.

ಜಾರಿದವರು ಬಿದ್ದರು ಅನ್ನುತ್ತದೆ ಲೋಕ.
ನಮ್ಮ ಕಸುಬಿನಲ್ಲಿ
ಜಾರುವುದೇ ನಿಲ್ಲುವುದು.
ಗಂಟೆಗೆ ನೂರಿಪ್ಪತ್ತು ಕಿಲೋಮೀಟರು, ತೊಡೆಯೊಳಗೆ ಕೆಂಡ,
ನೀಲಿಗಟ್ಟಿದ ಮಂಜುಗಡ್ಡೆಯನ್ನು ಉಕ್ಕಿನಂಚು ಕಚ್ಚಬೇಕು,
ಕಚ್ಚಿದ್ದನ್ನು ತಕ್ಷಣ ಬಿಡಬೇಕು.
ಕಚ್ಚುವಂತೆ ಮಸೆದು ಕೊಟ್ಟವನು ನಾನು.
ಬಿಡುವುದನ್ನು ಅವಳು ಎಲ್ಲಿ ಕಲಿತಳೋ.

ಆ ಫೆಬ್ರವರಿ ನಾಲ್ಕನೆಯವಳಾದಳು.
ಮೂರನೆಯವಳಿಗೂ ಅವಳಿಗೂ ನಡುವೆ
ಒಂದು ಸೆಕೆಂಡನ್ನು ನೂರು ಹೋಳು ಮಾಡಿದರೆ, ಅದರಲ್ಲಿ ಮೂರು.
ಎವೆಯಿಕ್ಕುವಷ್ಟರಲ್ಲಿ ಅನ್ನುತ್ತಾರೆ;
ಇದು ಎವೆಗೆ ಸುದ್ದಿ ಮುಟ್ಟುವ ಮೊದಲೇ ಮುಗಿದುಹೋಗುವ ಕಾಲ.
ರಾತ್ರಿ ಹೋಟೆಲಿನ ಬಿಲ್ಲಿನ ಬೆನ್ನಿಗೆ ಲೆಕ್ಕ ಹಾಕಿದೆ:
ಆ ವೇಗಕ್ಕೆ, ಒಂದು ಮೀಟರು.
ನನ್ನ ಮೇಜಿನಿಂದ ಬಾಗಿಲಿಗೆ ಇದ್ದಷ್ಟು.

ದಕ್ಷಿಣದ ಬಿಸಿಗಾಳಿ ಏಳುತ್ತದೆ, ಮಧ್ಯಾಹ್ನಕ್ಕೆ ಹಿಮ ಬೆವರುತ್ತದೆ
ಎಂದು ಬಗೆದು
ಮೆತ್ತನೆಯ ಮೇಣ ಹಚ್ಚಿದ್ದೆ ನಾನು.
ಗಾಳಿ ಏಳಲಿಲ್ಲ. ಮೋಡ ಕವಿಯಿತು.
ಹಿಮ ಒಣಗಿ ಮರಳಿನಂತೆ ಕೂತಿತು.
ಅವಳಿಗೆ ಹೇಳಲಿಲ್ಲ.
ಅವಳು ಟಿವಿಯವರಿಗೆ ಹೇಳಿದಳು: ನಡುವಿನ ತಿರುವಿನಲ್ಲಿ ನಾನು ತಡಮಾಡಿದೆ.

ಆಮೇಲೆ ಎಡ ಮಂಡಿ ಎರಡು ಸಲ, ಬಲ ಒಮ್ಮೆ.
ಹೆಲ್ಮೆಟ್ಟಿನ ಮೇಲಿನ ಹೆಸರುಗಳು,
ಬ್ಯಾಂಕು, ಕಾರು, ಗಡಿಯಾರದ ಕಂಪನಿ,
ಒಂದೊಂದಾಗಿ ಸುಲಿದುಹೋದವು.
ಕೊನೆಯವರೆಗೆ ಅಂಟಿಕೊಂಡಿದ್ದು
ಊರಿನ ಚೀಸ್ ಡೈರಿಯ ಹಸು.

ಈಗ ನಮ್ಮ ಕಣಿವೆಯಲ್ಲಿ ಸ್ಪರ್ಧೆ ಇದ್ದ ದಿನ
ಎಲ್ಲರಿಗಿಂತ ಮುಂಚೆ ಅವಳು ಇಳಿಯುತ್ತಾಳೆ.
ದಾರಿ ನೆಟ್ಟಗಿದೆಯೇ, ಗಡಿಯಾರ ನೆಟ್ಟಗಿದೆಯೇ
ನೋಡಲು ಒಬ್ಬರು ಬೇಕಲ್ಲ.
ಸಮಯ ಫಲಕದಲ್ಲಿ ಮಿನುಗಿ ಅಳಿಸಿಹೋಗುತ್ತದೆ,
ಯಾರೂ ಬರೆದಿಡುವುದಿಲ್ಲ.
ನನಗೂ ನಿವೃತ್ತಿ. ಆದರೂ ಹಿಂದಿನ ರಾತ್ರಿ
ಇಸ್ತ್ರಿ ಬಿಸಿ ಮಾಡುತ್ತೇನೆ.

ಈ ಜನವರಿ, ಮೇಲೆ, ಹಲಗೆಯ ಕಟ್ಟು ಬಿಗಿಯುತ್ತ
ತಲೆಯೆತ್ತದೆ ಕೇಳಿದಳು:
"ಲಿನಾರ್ಡ್, ಅವತ್ತು ಮೆತ್ತನೆಯದು ಹಚ್ಚಿದ್ದೆ, ಅಲ್ಲವಾ?"

ಹದಿನಾಲ್ಕು ವರ್ಷ ನನ್ನ ನಾಲಿಗೆಯ ಮೇಲೆ ಹೆಪ್ಪುಗಟ್ಟಿದ್ದು
ಕರಗುವ ಲಕ್ಷಣ ಕಾಣಲಿಲ್ಲ.

"ಮೂರನೇ ಗೇಟಿನಲ್ಲೇ ಪಾದಕ್ಕೆ ಗೊತ್ತಾಯಿತು.
ಬಿಡು. ಮೋಡ ಬರಲ್ಲ ಅಂತ ನಾನೂ ಅಂದುಕೊಂಡಿದ್ದೆ."
ಕನ್ನಡಕ ಇಳಿಸಿಕೊಂಡಳು.
ಕೆಳಗೆ ಅವಳಪ್ಪನಿಲ್ಲದ ಯಂತ್ರ
ರಾತ್ರಿ ಬಾಚಿಟ್ಟ ಬಿಳುಪು.
ಸಂಕೇತ ಮೂರು ಸಲ ಕೂಗಿತು.
ಏನಾದರೂ ಹೇಳಬೇಕಿತ್ತು; "ಇಳಿ" ಅಂದೆ.

ಒಳ್ಳೆಯ ಮೇಣಕ್ಕೆ ಸದ್ದಿರುವುದಿಲ್ಲ.
ಟೋಪಿ ಸರಿಸಿ ಕಿವಿಗೊಟ್ಟೆ.
ಏನೂ ಕೇಳಿಸಲಿಲ್ಲ.